ಅಳತೆ ಪುಸ್ತಕ

ನಿಂತು ಆರು ವರ್ಷವಾಗಿತ್ತು.
ಫಹಾಹೀಲಿನಲ್ಲಿ ಧೂಳು ಎದ್ದ ಒಂದು ಮಂಗಳವಾರ
ಮತ್ತೆ ಬಂತು, ಬಾಗಿಲು ತಟ್ಟದೆ,
ಬಾಕಿ ಉಳಿಸಿ ಹೋದ ಬಾಡಿಗೆಯವಳ ಹಾಗೆ.
ಮಡಿಲಲ್ಲಿ ಬಿಳಿ ಸ್ಯಾಟಿನ್. ಮೊದಲು ಅದನ್ನು ಪಕ್ಕಕ್ಕಿಟ್ಟೆ.
ಗಿರಾಕಿಯ ಬಟ್ಟೆ. ಕಲೆಯಾದರೆ ಹದಿನೆಂಟು ದಿನಾರ್.

ನನ್ನೊಳಗಿನ ಆ ಕೋಣೆಯಲ್ಲಿ ಯಾರೂ ಇಳಿದುಕೊಂಡವರಿಲ್ಲ.
ಆದರೂ ಮೂವತ್ತೆಂಟು ವರ್ಷ ತಿಂಗಳು ತಿಂಗಳು
ತಾನೇ ಗುಡಿಸಿ, ಸಾರಿಸಿ, ಹಾಸಿ ಕಾದಿತ್ತು.

ಡಾಕ್ಟರ್ ಶೈಮಾ ಅಲೆಕ್ಸಾಂಡ್ರಿಯಾದವರು.
ಅವರ ಅರಬ್ಬಿಗೂ ನನ್ನ ಮುರುಕು ಹಿಂದಿಗೂ ನಡುವೆ
ಕಣ್ಣೂರಿನ ನರ್ಸೊಬ್ಬಳು.
ಮೊದಲ ಹಂತ, ಅಂದರು. ಗರ್ಭಕೋಶ ತೆಗೆಯುವುದೇ, ಅದರಲ್ಲಿ ಮಾತಿಲ್ಲ.
ಮಾತಿರುವುದು ಗಂಟುಗಳ ಬಗ್ಗೆ.

ಪುಸ್ತಕದ ಕನ್ನಡದಲ್ಲಿ ದುಗ್ಧಗ್ರಂಥಿ.
ನನಗೆ ಗೊತ್ತಿದ್ದ ಗಂಟು ಬೇರೆ:
ದಾರದ ತುದಿಗೆ ಎಂಜಲು ಹಚ್ಚಿ ಹೊಸೆದು ಹಾಕುವುದು;
ತಮ್ಮನ ಮದುವೆಗೆ ಕಳಿಸಿ ಕರಗಿಹೋದದ್ದು;
ಒಬ್ಬ ನನ್ನ ಕೊರಳಿಗೆ ಹಾಕಿ, ತಾನೇ ಬಿಚ್ಚಿಕೊಂಡು ಹೋದ ಮೂರು.
ಇವು ಅವರೆಕಾಳಿನಷ್ಟು. ಕಿಬ್ಬೊಟ್ಟೆಯ ಆಳದಲ್ಲಿ
ರಕ್ತನಾಳದ ದಂಡೆಗೆ ಸಾಲಾಗಿ ಕೂತು
ಬಣ್ಣವಿಲ್ಲದ ನೀರು ಸೋಸುತ್ತವಂತೆ.
ಕಳ್ಳ ಓಡಿದರೆ ಮೊದಲು ತಂಗುವುದು ಅಲ್ಲೇ.

ಎಲ್ಲ ಕಿತ್ತು ನೋಡಬಹುದು.
ಆದರೆ ನಿನ್ನ ಹಂತದಲ್ಲಿ ಎಲ್ಲ ಕೀಳಿಸಿಕೊಂಡವರು
ಹೆಚ್ಚು ದಿನ ಬದುಕಿದ್ದಕ್ಕೆ ಲೆಕ್ಕ ಸಿಕ್ಕಿಲ್ಲ.
ಸಿಕ್ಕಿರುವುದು ಕಾಲಿನ ಲೆಕ್ಕ:
ಹಿಂತಿರುಗಲು ದಾರಿಯಿಲ್ಲದ ನೀರು, ಊದುವ ಕಾಲು.
ಕಾವಲುಗಾರನನ್ನು ಮಾತ್ರ ಕೇಳೋಣವೇ?
ಹಸಿರು ಬಣ್ಣ ಬಿಡುತ್ತೇವೆ. ಅದು ಮೊದಲು ಮುಟ್ಟಿದ ಗಂಟು ಸಾಕು.

ನಮ್ಮ ಕಟ್ಟಡದ ಹಾರಿಸ್ ಇದ್ರೀಸ್ ನೆನಪಾದ.
ಮೆಟ್ಟಿಲ ಕೆಳಗೆ ಅವನ ಮಂಚ.
ಯಾರ ಇಕಾಮಾ ಮುಗಿಯಿತು, ಯಾರ ಮನೆಗೆ ಯಾರು ಬಂದರು,
ಅವನಿಗೆ ಗೊತ್ತಿಲ್ಲದೆ ಬೆಕ್ಕೂ ಹತ್ತುವುದಿಲ್ಲ.
ಅವನನ್ನು ಕೇಳಿದರಾಯಿತು, ಮನೆಮನೆಗೆ ನುಗ್ಗಬೇಕೇ?
ಎಡಗಾಲು ಮುಂದೆ ಚಾಚಿ ಹೇಳಿದೆ:
ಪೆಡಲ್ ಒತ್ತುವುದು ಇದು. ನನ್ನ ವೀಸಾ ನಿಂತಿರುವುದೂ ಇದರ ಮೇಲೆ.
ಶೈಮಾ ನಕ್ಕರು. ಸಹಿ ಹಾಕಿದೆ, ಕನ್ನಡದಲ್ಲಿ.
ಬಣ್ಣ ಹರಿಯದಿದ್ದರೆ, ಎಂದು ನರ್ಸ್ ಇನ್ನೊಂದು ಸಾಲು ಓದಿದಳು.
ಕೇಳಿಸಿಕೊಂಡೆ ಅಂದುಕೊಂಡಿದ್ದೇನೆ.

ಎದ್ದಾಗ ಗಂಟಲು ಮರಳು.
ಬಲಗಡೆ ಹಸಿರು ಹೊಳೆಯಿತಂತೆ, ಅಲ್ಲಿ ಎರಡು ತೆಗೆದರು.
ಎಡಗಡೆ ಹೊಳೆಯಲೇ ಇಲ್ಲ, ಇನ್ನೊಮ್ಮೆ ಚುಚ್ಚಿದರೂ.
ಕಾವಲುಗಾರ ಸಿಗದ ಬದಿಯಲ್ಲಿ
ಸಾಲಿಗೆ ಸಾಲೇ ತೆಗೆಯಬೇಕು. ಕ್ರಮ ಅದು.
ಹನ್ನೊಂದು.

ಹತ್ತು ದಿನಕ್ಕೆ ಕಾಗದ ಬಂತು:
ಎರಡರಲ್ಲೂ ಏನಿಲ್ಲ, ಹನ್ನೊಂದರಲ್ಲೂ ಏನಿಲ್ಲ.
ಕೋಣೆಯ ಎಲ್ವಿರಾ ತಬ್ಬಿಕೊಂಡು ಅತ್ತಳು, ಶ್ಯಾವಿಗೆ ಮಾಡಿದಳು.
ನಾನೂ ಬಡಿಸಿಕೊಂಡೆ, ಎರಡು ಸಲ.
ಸಂತೋಷವೇ, ಸುಳ್ಳೇಕೆ ಹೇಳಲಿ.
ಆದರೆ ರಾತ್ರಿ ಆ ಹನ್ನೊಂದು ನೆನಪಾದವು:
ತಪ್ಪು ಸಾಬೀತಾಗದೆ ಗಡೀಪಾರಾದವು.
ಬಸ್ಸು ಹತ್ತಿಸಿ, ಬೆರಳಚ್ಚು ತೆಗೆದುಕೊಂಡು.

ಈಗ ಸಂಜೆಗೆ ಎಡಗಾಲು ಚಪ್ಪಲಿ ಒಲ್ಲೆನ್ನುತ್ತದೆ.
ಬಿಗಿ ಕಾಲುಚೀಲ ಎಳೆಯಲು ಕಾಲು ಗಂಟೆ ಬೇಕು.
ಐವತ್ತೆಂಟರಲ್ಲಿ ಬಲಗಾಲಿಗೆ ಪೆಡಲ್ ಕಲಿಸುತ್ತಿದ್ದೇನೆ,
ಹೊಲಿಗೆ ಚೂರು ಸೊಟ್ಟ. ರಂಜಾನ್ ಹತ್ತಿರ ಬಂತು.
ಲಿಫ್ಟ್ ಕೆಟ್ಟ ದಿನ ಇದ್ರೀಸ್ ನನ್ನ ಚೀಲ ಹೊತ್ತು
ನಾಲ್ಕು ಮಹಡಿ ಹತ್ತಿದ, ಏನೂ ಕೇಳಲಿಲ್ಲ.
ಅವನಿಗೆ ಗೊತ್ತಿತ್ತು.

ಅಂಗಡಿ ಮುಚ್ಚುವ ಮುಂಚೆ
ಟೇಪು ಬಿಚ್ಚಿ ಅಳತೆ ಪುಸ್ತಕದಲ್ಲಿ ಬರೆಯುತ್ತೇನೆ.
ಉಮ್ ಬದರ್, ತೋಳು ಇಪ್ಪತ್ತೆರಡು, ಸಡಿಲ.
ಅವಳ ಮಗಳು, ಸೊಂಟ ಇಪ್ಪತ್ತೆಂಟು, ಬಿಗಿ ಬೇಕಂತೆ.
ನಾನು, ಎಡ ಮೀನಖಂಡ, ಹದಿನೈದೂವರೆ.
ನಿನ್ನೆ ಹದಿನೈದೂಕಾಲು.
ಬಲದ್ದು ಮೊದಲಿನಷ್ಟೇ.
ಹೊಸ ಪೈಜಾಮ ನನಗೇ ಕತ್ತರಿಸಿದೆ,
ಎಡಗಾಲಿಗೆ ಮಾತ್ರ ಒಳಗೆ
ಒಂದಿಂಚು ಬಟ್ಟೆ ಬಿಟ್ಟು.